ಬ್ಯಾಟರಿ ಬದಲಿಸುವ ಮೊದಲು ಒಂದು ಬಲ್ಬು ಹಿಡಿದು ನೋಡಿ

ಕೃಷಿಕನ ಮನೆಯ ಹಳೆ ಕಾರು ಅಥವಾ ಜೀಪು ಬೆಳಗ್ಗೆ ಸ್ಟಾರ್ಟ್ ಆಗದಿದ್ದರೆ ನಮ್ಮಲ್ಲಿ ಮೊದಲ ತೀರ್ಪು ಒಂದೇ – ‘ಬ್ಯಾಟರಿ ಹೋಗಿದೆ.’ ಎರಡನೆಯ ತೀರ್ಪು ‘ಡೈನಮೋ ಚಾರ್ಜ್ ಮಾಡುವುದಿಲ್ಲ.’ ಮೂರನೆಯದು ‘ಸೆಲ್ಫ್ ಮೋಟಾರು ಸುಟ್ಟಿದೆ.’ ಈ ಮೂರೂ ತೀರ್ಪು ಬರುವುದು ಬಾನೆಟ್ ತೆಗೆಯುವ ಮೊದಲೇ. ಮೀಟರು ಹಿಡಿದು ಅಳತೆ ಮಾಡಿದವರು ಯಾರೂ ಇಲ್ಲ. ತೀರ್ಪಿನ ಪ್ರಕಾರ ಒಂದೊಂದೇ ಭಾಗ ಬದಲಾಗುತ್ತಾ ಹೋಗುತ್ತದೆ. ಕೊನೆಗೆ ಎಲ್ಲೋ ತುಕ್ಕು ಹಿಡಿದ ಒಂದು ಬೋಲ್ಟು ಸಿಗುತ್ತದೆ, ಮರಳು ಕಾಗದ ಹಾಕಿ ತಿಕ್ಕಿದರೆ ಗಾಡಿ ಹೊರಡುತ್ತದೆ. ಅಷ್ಟು ಹೊತ್ತಿಗೆ ಒಂದು ಕ್ವಿಂಟಾಲು ಕೊಬ್ಬರಿಯ ಹಣದಲ್ಲಿ ದೊಡ್ಡ ಪಾಲು ಖರ್ಚಾಗಿರುತ್ತದೆ.

ನನ್ನ ಅಭಿಪ್ರಾಯ ಇಷ್ಟು. ಹಳೆ ವಾಹನದ ವಿದ್ಯುತ್ ದೋಷ ಪತ್ತೆ ಮಾಡುವುದು ಕೃಷಿಕರಾದ ನಮಗೆ ಕಷ್ಟದ ವಿದ್ಯೆ ಅಲ್ಲ. ಪಂಪ್‌ಸೆಟ್ಟಿಗೆ ಮೂರು ಫೇಸು ಬಂದಿದೆಯಾ ಅಂತ ಬಲ್ಬು ಹಿಡಿದು ನೋಡುವವರು ನಾವು. ಆ ತಿಳುವಳಿಕೆಯ ಅರ್ಧ ಸಾಕು. ರಿಪೇರಿಯನ್ನು ಬೇಕಾದರೆ ಮೆಕ್ಯಾನಿಕ್ಕೇ ಮಾಡಲಿ. ಆದರೆ ದೋಷ ಎಲ್ಲಿ ಅಂತ ಗೊತ್ತುಮಾಡಿಕೊಂಡು ಗ್ಯಾರೇಜಿಗೆ ಹೋಗಬೇಕು. ಅದು ಗೊತ್ತಿಲ್ಲದೆ ಹೋದರೆ ನಾವು ಕೊಡುವುದು ರಿಪೇರಿಯ ಹಣ ಅಲ್ಲ, ಊಹೆಯ ಹಣ.

ನಾನು ಹೇಳುವುದು ಹಳೆ ವಾಹನದ ಬಗ್ಗೆ ಮಾತ್ರ. ಕಾರ್ಬ್ಯುರೇಟರು ಇರುವ ಸಣ್ಣ ಕಾರು, ಹಳೆ ವ್ಯಾನು, ಡೀಸೆಲ್ ಜೀಪು – ಕಂಪ್ಯೂಟರು ಇಲ್ಲದವು. ನಮ್ಮ ಮನೆಯಲ್ಲಿರುವ ಕಾರೂ ಅಂಥದ್ದೇ. ಇಪ್ಪತ್ತು ವರ್ಷಕ್ಕಿಂತ ಮೇಲಾಯ್ತು, ಈಗಲೂ ಸೊಸೈಟಿಗೆ ಅಡಿಕೆ ಒಯ್ಯುತ್ತದೆ.

ನೀರು ಗೊತ್ತಿದ್ದವರಿಗೆ ಕರೆಂಟೂ ಗೊತ್ತು

ತೋಟಕ್ಕೆ ಪೈಪು ಎಳೆದವರಿಗೆ ಹೊಸತಾಗಿ ಹೇಳಬೇಕಾದ್ದು ಹೆಚ್ಚಿಲ್ಲ. ವೋಲ್ಟ್ ಅಂದರೆ ನೀರಿನ ಒತ್ತಡ. ಆಂಪಿಯರ್ ಅಂದರೆ ಹರಿಯುವ ನೀರಿನ ಪ್ರಮಾಣ. ತುಕ್ಕು, ಸಡಿಲ ಜೋಡಣೆ, ತುಂಡಾದ ಎಳೆ ಇವೆಲ್ಲ ಪೈಪಿನೊಳಗೆ ಸಿಕ್ಕಿಕೊಂಡ ಕಸ. ಈ ಮೂರಕ್ಕೂ ಇರುವ ಲೆಕ್ಕವನ್ನು ಜರ್ಮನಿಯ ಜಾರ್ಜ್ ಓಮ್ 1827ರಲ್ಲೇ ಬರೆದಿಟ್ಟ. ಆಂಪಿಯರನ್ನು ತಡೆಯಿಂದ ಗುಣಿಸಿದರೆ ಅಲ್ಲಿ ನಷ್ಟವಾಗುವ ವೋಲ್ಟು ಸಿಗುತ್ತದೆ. ಅಷ್ಟೇ.

ಇನ್ನು ಮುಖ್ಯ ಮಾತು. ಸ್ಪ್ರಿಂಕ್ಲರಿನ ಗೇಟ್‌ವಾಲ್ವು ಮುಚ್ಚಿ ಪೈಪಿನ ಒತ್ತಡ ನೋಡಿದರೆ ಏನು ತೋರಿಸುತ್ತದೆ? ಒಳಗೆ ಎಷ್ಟೇ ಕಸ ಇರಲಿ, ಪೂರ್ತಿ ಒತ್ತಡ ತೋರಿಸುತ್ತದೆ. ವಾಲ್ವು ತೆಗೆದು ನೀರು ಹರಿಯಲು ಬಿಟ್ಟಾಗಲೇ ಕಸದ ಬಣ್ಣ ಬಯಲಾಗುವುದು. ಕಾರಿನ ವೈರಿನಲ್ಲೂ ಇದೇ ಕತೆ. ಹತ್ತಾರು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರು ಹಿಡಿದರೆ 12 ವೋಲ್ಟ್ ತೋರಿಸುತ್ತದೆ. ‘ಕರೆಂಟು ಬರ್ತಾ ಉಂಟು, ಲೈನು ಸರಿ ಉಂಟು’ ಅಂತ ನಾವು ಮುಂದೆ ಹೋಗುತ್ತೇವೆ. ಅದೇ ಜಾಗಕ್ಕೆ ಒಂದು 21 ವ್ಯಾಟಿನ ಬಲ್ಬು ಹಿಡಿಯಿರಿ. ಅದಕ್ಕೆ ಸುಮಾರು ಒಂದೂಮುಕ್ಕಾಲು ಆಂಪಿಯರ್ ಬೇಕು. ವೈರು ಹಾಳಾಗಿದ್ದರೆ ಬಲ್ಬು ಮಿಣಿಮಿಣಿ ಅನ್ನುತ್ತದೆ. ಹಾಗಾಗಿ ಹಳೆ ಗಾಡಿಗೆ ನಾನು ಮೊದಲು ಕೈಗೆತ್ತಿಕೊಳ್ಳುವುದು ಬಲ್ಬನ್ನು, ಆಮೇಲೆ ಮೀಟರನ್ನು.

ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಇಂಡಿಕೇಟರಿನ ಒಂದು ಬಲ್ಬು, ಅದರ ಹೋಲ್ಡರು, ಎರಡು ಮೀಟರ್ ವೈರು. ಒಂದು ತುದಿಗೆ ಕಚ್ಚುವ ಕ್ಲಿಪ್ಪು, ಇನ್ನೊಂದು ತುದಿಗೆ ಗೋಣಿ ಹೊಲಿಯುವ ದಬ್ಬಣದ ತುಂಡು. ಇಷ್ಟಕ್ಕೆ ನೂರು ರೂಪಾಯಿಯೂ ಬೇಡ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರು ಮುನ್ನೂರು-ಐನೂರಕ್ಕೆ ಸಿಗುತ್ತದೆ. ದಬ್ಬಣವನ್ನು ವೈರಿನ ಮೈಗೆ ಚುಚ್ಚಬೇಡಿ. ಆ ತೂತಿನಿಂದ ನೀರು ಇಳಿದು ಒಳಗಿನ ತಾಮ್ರ ಹಸಿರು ಹಿಡಿಯುತ್ತದೆ. ಟರ್ಮಿನಲ್ ಇರುವಲ್ಲೇ ಮುಟ್ಟಿಸಿ.

ಒಂದು ಎಚ್ಚರಿಕೆ. ಮನೆಯ ಲೈನು ನೋಡುವ ಸ್ಕ್ರೂಡ್ರೈವರ್ ಟೆಸ್ಟರು ಇಲ್ಲಿ ಉಪಯೋಗಕ್ಕೆ ಇಲ್ಲ, 12 ವೋಲ್ಟಿಗೆ ಅದು ಉರಿಯುವುದೇ ಇಲ್ಲ. ‘ಟೆಸ್ಟರ್ ಉರಿಯಲಿಲ್ಲ, ಹಾಗಾಗಿ ಕರೆಂಟಿಲ್ಲ’ ಎಂಬ ತೀರ್ಮಾನ ತಪ್ಪು. ಹಾಗೆಯೇ ಈ 12 ವೋಲ್ಟಿನ ಬಲ್ಬನ್ನು ಮನೆಯ ಪ್ಲಗ್ಗಿಗೆ, ಪಂಪ್‌ಶೆಡ್ಡಿಗೆ ಯಾವ ಕಾಲಕ್ಕೂ ಒಯ್ಯಬೇಡಿ.

ಬ್ಯಾಟರಿಯನ್ನು ಆರೋಪಿ ಮಾಡುವ ಮೊದಲು

ಗಾಡಿ ರಾತ್ರಿಯಿಡೀ ನಿಂತಿದ್ದು ಬೆಳಗ್ಗೆ ಬ್ಯಾಟರಿಯ ಎರಡು ಕಂಬಗಳಿಗೆ ಮೀಟರು ಹಿಡಿಯಿರಿ. 12.6ರ ಹತ್ತಿರ ಇದ್ದರೆ ತುಂಬಿದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಅಂದರೆ ಬಹುತೇಕ ಖಾಲಿ. 12 ವೋಲ್ಟಿನ ಬ್ಯಾಟರಿಯಲ್ಲಿ 12 ಇದ್ದರೆ ಭರ್ತಿ ಅಂತ ತಿಳಿಯುವವರು ಬಹಳ ಮಂದಿ. ಹಾಗಲ್ಲ.

ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಹೈಡ್ರೋಮೀಟರು ಇನ್ನೂ ಸತ್ಯ ಹೇಳುತ್ತದೆ. ಆರು ಸೆಲ್ಲಿನ ಅಳತೆಯನ್ನೂ ಕಾಗದದಲ್ಲಿ ಬರೆದುಕೊಳ್ಳಿ. ಆರೂ ಸಮನಾಗಿ ಇಳಿದಿದ್ದರೆ ಬ್ಯಾಟರಿ ಕೆಟ್ಟದ್ದಲ್ಲ, ಹಸಿದದ್ದು – ಚಾರ್ಜಿಗೆ ಇಡಿ. ಐದು ಸರಿಯಾಗಿದ್ದು ಒಂದು ಮಾತ್ರ 0.050ಕ್ಕಿಂತ ಹೆಚ್ಚು ಕೆಳಗಿದ್ದರೆ ಆ ಸೆಲ್ಲು ಹೋಗಿದೆ, ಆಗ ಬದಲಿಸುವುದೇ ದಾರಿ. ಹಸಿದದ್ದಕ್ಕೂ ಸತ್ತದ್ದಕ್ಕೂ ಇರುವ ಈ ವ್ಯತ್ಯಾಸ ನೋಡದೆ ನಾಲ್ಕೈದು ಸಾವಿರ ಕೊಡುವುದು ಯಾಕೆ? ಹಸಿವಿಗೆ ಕಾರಣ ಬೇರೆ ಕಡೆ ಇದ್ದರೆ ಹೊಸ ಬ್ಯಾಟರಿಯೂ ಆರು ತಿಂಗಳಲ್ಲಿ ಅದೇ ಸ್ಥಿತಿಗೆ ಬರುತ್ತದೆ.

ಮೀಟರೇ ಇಲ್ಲದೆ ಮಾಡಬಹುದಾದ ಒಂದು ಪರೀಕ್ಷೆ ಉಂಟು. ಹೆಡ್‌ಲೈಟು ಹಾಕಿ, ಒಬ್ಬರು ಎದುರು ನಿಂತು ನೋಡಲಿ, ಇನ್ನೊಬ್ಬರು ಚಾವಿ ತಿರುಗಿಸಿ ಸೆಲ್ಫ್ ಹೊಡೆಯಲಿ.

ಬೆಳಕು ತಟ್ಟನೆ ಪೂರ್ತಿ ಹೋಯ್ತು, ಸೆಲ್ಫು ಮೌನ – ಬ್ಯಾಟರಿಯ ಕಂಬಕ್ಕೂ ಅದರ ಕ್ಲಾಂಪಿಗೂ ಸಂಪರ್ಕ ಸರಿಯಿಲ್ಲ. ಬಿಚ್ಚಿ, ಬಿಸಿನೀರು ಹಾಕಿ ಬಿಳಿ-ಹಸಿರು ಹುಡಿ ತೊಳೆದು, ತಿಕ್ಕಿ, ಬಿಗಿಮಾಡಿ.

ಬೆಳಕು ಬಹಳ ಮಂಕಾಯ್ತು, ಟಕ್ ಟಕ್ ಟಕ್ ಶಬ್ದ – ಬ್ಯಾಟರಿಯಲ್ಲಿ ಬಲ ಇಲ್ಲ. ಚಾರ್ಜ್ ಮಾಡಿ ನೋಡಿ.

ಬೆಳಕು ಸ್ವಲ್ಪವೇ ಇಳಿಯಿತು, ಆದರೆ ಸೆಲ್ಫು ಮುಕ್ಕಿ ಮುಕ್ಕಿ ತಿರುಗಿತು – ಬ್ಯಾಟರಿ ಸರಿಯಾಗಿದೆ, ದಪ್ಪ ಕೇಬಲಿನಲ್ಲೋ ಅರ್ತಿನಲ್ಲೋ ತಡೆ ಉಂಟು.

ಬೆಳಕು ಹಾಗೆಯೇ ಇದೆ, ಸೆಲ್ಫಿನದ್ದು ಸದ್ದೇ ಇಲ್ಲ – ಚಾವಿಯ ಸ್ವಿಚ್ಚು, ಸಾಲೆನಾಯ್ಡಿಗೆ ಹೋಗುವ ತೆಳು ವೈರು, ಎಂಜಿನಿನ ಅರ್ತು, ಕೊನೆಗೆ ಸೆಲ್ಫಿನ ಕಾರ್ಬನ್ನು. ಈ ಕ್ರಮದಲ್ಲೇ ನೋಡಿ. ಅಗ್ಗದ್ದು ಮೊದಲು, ದುಬಾರಿಯದ್ದು ಕೊನೆಗೆ.

ನಿಜವಾದ ಕಳ್ಳ: ಅರ್ತು

ಮನೆಯ ವೈರಿಂಗಿನಲ್ಲಿ ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು ವೈರು. ಕಾರಿನಲ್ಲಿ ಹೋಗುವುದಕ್ಕೆ ಮಾತ್ರ ವೈರು. ಬರುವ ದಾರಿ ಕಾರಿನ ತಗಡು. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಹಾಗಾಗಿ ಎಂಜಿನಿಗೂ ಬಾಡಿಗೂ ಬ್ಯಾಟರಿಯ ನೆಗೆಟಿವಿಗೂ ನಡುವೆ ದಪ್ಪ ಪಟ್ಟಿಯೋ ಕೇಬಲೋ ಇರಲೇಬೇಕು. ವರ್ಷಕ್ಕೆ 3500–4000 ಮಿ.ಮೀ. ಮಳೆ ಬೀಳುವ ನಮ್ಮ ಕಡೆ, ಅಡಿಯಿಂದ ಕೆಸರು ಎರಚುವ ಮಣ್ಣಿನ ಮಾರ್ಗದಲ್ಲಿ, ಆ ಪಟ್ಟಿಯ ಗತಿ ಏನಾಗಬಹುದು ಅಂತ ಯೋಚಿಸಿ. ಮೇಲಿನಿಂದ ನೋಡುವಾಗ ಬೋಲ್ಟು ಬಿಗಿಯಾಗಿಯೇ ಇರುತ್ತದೆ. ವಾಶರಿನ ಅಡಿಯಲ್ಲಿ ತುಕ್ಕು.

ಎಷ್ಟು ಸಣ್ಣ ತಡೆ ಸಾಕು ಅಂದರೆ, ಸೆಲ್ಫು ತಿರುಗುವಾಗ ಸುಮಾರು 150 ಆಂಪಿಯರ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ತುಕ್ಕಿನ ತಡೆ ಒಂದು ಓಮಿನ ನೂರನೇ ಒಂದು ಪಾಲು, 0.01 ಮಾತ್ರ. ಗುಣಿಸಿ: 1.5 ವೋಲ್ಟ್ ಅಲ್ಲೇ ನಷ್ಟ. ಬ್ಯಾಟರಿ ಹತ್ತೂವರೆ ಕೊಟ್ಟರೆ ಸೆಲ್ಫಿಗೆ ಮುಟ್ಟುವುದು ಒಂಬತ್ತು. ಡೀಸೆಲ್ ಎಂಜಿನಿಗೆ ಆ ವೇಗ ಸಾಕಾಗುವುದಿಲ್ಲ. ಇಷ್ಟು ಸಣ್ಣ ತಡೆಯನ್ನು ನಮ್ಮ ಐನೂರು ರೂಪಾಯಿಯ ಮೀಟರಿನ ಓಮ್ ಬದಿ ಹಿಡಿಯಲಾರದು. ಅದಕ್ಕೆ ಉಪಾಯ ಇದು: ಮೀಟರನ್ನು ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಎಂಜಿನಿನ ಬರಿ ಲೋಹಕ್ಕೆ, ಇನ್ನೊಂದು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ – ಕ್ಲಾಂಪಿಗೆ ಅಲ್ಲ – ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಮೇಲೆ ತೋರಿಸಿದರೆ ಅರ್ತು ಹಾಳು. ಪಾಸಿಟಿವ್ ಕಂಬಕ್ಕೂ ಸೆಲ್ಫಿನ ದಪ್ಪ ಬೋಲ್ಟಿಗೂ ಹಿಡಿದು ಇದನ್ನೇ ಮಾಡಿದರೆ ಆ ಕೇಬಲಿನ ಯೋಗ್ಯತೆ ಗೊತ್ತಾಗುತ್ತದೆ.

ಮೀಟರು ಇಲ್ಲವಾ? ಜಂಪರ್ ಕೇಬಲಿನ ಒಂದು ತುದಿ ಬ್ಯಾಟರಿಯ ನೆಗೆಟಿವಿಗೆ, ಇನ್ನೊಂದು ಎಂಜಿನಿಗೆ ಕಚ್ಚಿಸಿ. ಮುಕ್ಕುತ್ತಿದ್ದ ಗಾಡಿ ಝಾಡಿಸಿ ಸ್ಟಾರ್ಟ್ ಆದರೆ ಮತ್ತೆ ಸಾಕ್ಷಿ ಬೇಡ. ಇನ್ನೊಂದು ಗುರುತು: ಸೆಲ್ಫ್ ಹೊಡೆದ ಮೇಲೆ ಆಕ್ಸಿಲರೇಟರ್ ಕೇಬಲೋ ಚೋಕ್ ಕೇಬಲೋ ಬೆಚ್ಚಗಾಗಿದ್ದರೆ ಕರೆಂಟು ತನ್ನ ದಾರಿ ಮುಚ್ಚಿದ್ದಕ್ಕೆ ಅದರಲ್ಲಿ ನುಗ್ಗಿದೆ ಅಂತ ಅರ್ಥ.

ನನ್ನ ನೆರೆಯವರೊಬ್ಬರ ಜೀಪಿಗೆ ಎರಡು ವರ್ಷದಲ್ಲಿ ಎರಡು ಬ್ಯಾಟರಿ ಆಯಿತು. ಸೆಲ್ಫು ಎರಡು ಸಲ ಪೇಟೆಗೆ ಹೋಗಿ ಬಂತು. ಕೊನೆಗೆ ದೋಷ ಕಂಡದ್ದು ಗೇರ್‌ಬಾಕ್ಸಿನ ಬದಿಯ ಅರ್ತ್ ಪಟ್ಟಿಯಲ್ಲಿ. ಅರ್ಧಕ್ಕರ್ಧ ಎಳೆ ತುಂಡಾಗಿ ಗ್ರೀಸಿನಡಿಯಲ್ಲಿ ಅಡಗಿತ್ತು. ಅಲ್ಲಿಯವರೆಗೆ ಆ ಪಟ್ಟಿಯನ್ನು ಯಾರೂ ಮುಟ್ಟಿರಲಿಲ್ಲ, ಯಾಕೆಂದರೆ ಅದನ್ನು ಮಾರಿದರೆ ಯಾರಿಗೂ ಏನೂ ಗಿಟ್ಟುವುದಿಲ್ಲ!

ಹಿಂದಿನ ಲೈಟುಗಳದ್ದೂ ಇದೇ ಪಾಡು. ಬ್ರೇಕು ಮೆಟ್ಟಿದರೆ ಟೇಲ್ ಲೈಟು ಮಂಕಾಗುವುದು, ಇಂಡಿಕೇಟರು ಹಾಕಿದರೆ ಬ್ರೇಕ್ ಲೈಟೂ ಸೇರಿ ಮಿಣುಕುವುದು – ಇಂಥ ಭೂತಚೇಷ್ಟೆ ಕಂಡರೆ ಬಲ್ಬು, ಸ್ವಿಚ್ಚು ಬದಲಿಸಲು ಹೊರಡಬೇಡಿ. ಆ ಲೈಟಿನ ಅರ್ತ್ ಸ್ಕ್ರೂ ಬಿಚ್ಚಿ ತಿಕ್ಕಿ. ಇಂಡಿಕೇಟರು ಒಂದು ಬದಿಗೆ ಮಾತ್ರ ಅವಸರದಲ್ಲಿ ಬಡಿದುಕೊಂಡರೆ ಆ ಬದಿಯ ಒಂದು ಬಲ್ಬು ಹೋಗಿದೆ.

ಚಾರ್ಜಿನ ಲೆಕ್ಕ

ಎಂಜಿನ್ ಸ್ಟಾರ್ಟಿನಲ್ಲಿರುವಾಗ ಸ್ವಲ್ಪ ಆಕ್ಸಿಲರೇಟರು ಕೊಟ್ಟು ಬ್ಯಾಟರಿಗೆ ಮೀಟರು ಹಿಡಿಯಿರಿ. 13.8ರಿಂದ 14.5ರ ನಡುವೆ ಇರಬೇಕು. 12.5ರಲ್ಲೇ ನಿಂತರೆ ಚಾರ್ಜ್ ಇಲ್ಲ. 15 ದಾಟಿದರೆ ರೆಗ್ಯುಲೇಟರು ಹೋಗಿದೆ. ಬ್ಯಾಟರಿಯ ನೀರು ಬೇಗ ಬೇಗ ಒಣಗುವುದು, ಬಲ್ಬುಗಳು ಮೇಲಿಂದ ಮೇಲೆ ಸುಡುವುದು ಅದರ ಲಕ್ಷಣ.

ಚಾರ್ಜ್ ಇಲ್ಲ ಅಂತ ಕಂಡ ಕೂಡಲೇ ಡೈನಮೋ ಬಿಚ್ಚಬೇಡಿ. ನಾವು ರೂಢಿಯಲ್ಲಿ ಡೈನಮೋ ಅಂದರೂ ಈಗ ಇರುವುದು ಆಲ್ಟರ್ನೇಟರು. ಮೊದಲು ಬೆಲ್ಟು ನೋಡಿ. ಆಮೇಲೆ ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜ್ ಲೈಟು ನೋಡಿ. ಚಾವಿ ಹಾಕಿದಾಗ ಅದು ಉರಿಯಬೇಕು, ಸ್ಟಾರ್ಟ್ ಆದಾಗ ಆರಬೇಕು. ಚಾವಿ ಹಾಕಿದಾಗಲೂ ಉರಿಯದಿದ್ದರೆ ಆ ಸಣ್ಣ ಬಲ್ಬೇ ಸುಟ್ಟಿರಬಹುದು. ಹಲವು ಹಳೆ ಆಲ್ಟರ್ನೇಟರುಗಳಿಗೆ ಕೆಲಸ ಶುರುಮಾಡಲು ಬೇಕಾದ ಮೊದಲ ಗುಟುಕು ಕರೆಂಟು ಬರುವುದು ಆ ಬಲ್ಬಿನ ಮೂಲಕವೇ. ಕೆಲವು ರೂಪಾಯಿಯ ಬಲ್ಬು ಸುಟ್ಟದ್ದಕ್ಕೆ ಕೆಲವು ಸಾವಿರದ ಆಲ್ಟರ್ನೇಟರು ಬದಲಾಗುವ ಅನ್ಯಾಯ ಆಗುವುದು ಇಲ್ಲೇ.

ಇನ್ನೊಂದು ಕೆಟ್ಟ ರೂಢಿಯ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು, ‘ಗಾಡಿ ನಿಲ್ಲಲಿಲ್ಲ, ಚಾರ್ಜ್ ಸರಿಯುಂಟು’ ಎನ್ನುವ ಪರೀಕ್ಷೆ. ಹಳೆ ಕಾಲದ ಡೈನಮೋಗೆ ಅದು ನಡೆಯುತ್ತಿತ್ತು. ಆಲ್ಟರ್ನೇಟರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜು ಒಮ್ಮೆಲೇ ಏರಿ ಡಯೋಡು, ರೆಗ್ಯುಲೇಟರು ಸುಡಬಹುದು. ಸರಿ ಇದ್ದದ್ದನ್ನು ಪರೀಕ್ಷೆಯೇ ಹಾಳುಮಾಡಿತು ಅಂತಾಗುತ್ತದೆ. ನಿಮ್ಮ ಗಾಡಿಗೆ ಯಾರಾದರೂ ಹೀಗೆ ಮಾಡ ಹೊರಟರೆ ‘ಬೇಡ ಮಾರಾಯ್ರೆ’ ಅಂತ ಕೈ ಹಿಡಿಯಿರಿ.

ರಾತ್ರಿ ಸೋರುವ ಕರೆಂಟು

ನಮ್ಮ ಗಾಡಿಗಳು ಪೇಟೆಯವರ ಗಾಡಿಗಳ ಹಾಗೆ ದಿನಾ ಓಡುವುದಿಲ್ಲ. ವಾರಕ್ಕೆ ಒಂದು ಸಲ ಸೊಸೈಟಿಗೆ, ಒಂದು ಪೂಜೆಗೆ, ಮದುವೆಗೆ. ಉಳಿದ ದಿನ ಶೆಡ್ಡಿನಲ್ಲಿ. ಹಾಗಾಗಿ ಸಣ್ಣ ಸೋರಿಕೆಯೂ ನಮಗೆ ದೊಡ್ಡದು. ಬಾಗಿಲಿನ ಸ್ವಿಚ್ಚು ಜಾಮ್ ಆಗಿ ಒಳಗಿನ 5 ವ್ಯಾಟಿನ ಬಲ್ಬು ಉರಿಯುತ್ತಲೇ ಇದೆ ಅಂತಿಟ್ಟುಕೊಳ್ಳಿ. ಅದು ಎಳೆಯುವುದು 0.4 ಆಂಪಿಯರ್ ಚಿಲ್ಲರೆ. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಅರ್ಧ ಖಾಲಿಯಾಗಲು ಎರಡು ದಿನವೂ ಬೇಡ. ಅದೇ ಸೋರಿಕೆ 0.05 ಆಂಪಿಯರಿನೊಳಗೆ ಇದ್ದರೆ ಪೂರ್ತಿ ಖಾಲಿಯಾಗಲು ಒಂದು ತಿಂಗಳ ಹತ್ತಿರ ಬೇಕು. ಅಷ್ಟರವರೆಗೆ ಚಿಂತೆ ಇಲ್ಲ.

ಪತ್ತೆ ಮಾಡುವುದು ಹೀಗೆ. ಎಲ್ಲ ಆಫ್ ಮಾಡಿ, ಬಾಗಿಲು ಹಾಕಿ, ಬ್ಯಾಟರಿಯ ನೆಗೆಟಿವ್ ಕ್ಲಾಂಪು ಬಿಚ್ಚಿ. ಕ್ಲಾಂಪಿಗೂ ಕಂಬಕ್ಕೂ ನಡುವೆ ಡ್ಯಾಶ್‌ಬೋರ್ಡಿನ 3 ವ್ಯಾಟಿನ ಸಣ್ಣ ಬಲ್ಬು ಹಿಡಿಯಿರಿ. ಇಲ್ಲಿ 21 ವ್ಯಾಟಿನದ್ದು ಬೇಡ, ಸಣ್ಣ ಸೋರಿಕೆಗೆ ಅದು ಉರಿಯುವುದಿಲ್ಲ. ಬಲ್ಬು ಕೆಂಪಗಾದರೂ ಆದರೆ ಸೋರಿಕೆ ಉಂಟು. ಇನ್ನು ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತಾ ಬನ್ನಿ. ಯಾವುದನ್ನು ತೆಗೆದಾಗ ಬಲ್ಬು ಆರಿತೋ ಆ ಲೈನಿನಲ್ಲಿ ಕಳ್ಳ. ಯಾವ ಫ್ಯೂಸು ತೆಗೆದರೂ ಆರಲಿಲ್ಲವಾದರೆ ಆಲ್ಟರ್ನೇಟರಿನ ದಪ್ಪ ವೈರು ಬಿಚ್ಚಿ ನೋಡಿ. ಡಯೋಡು ಸೋರುವುದುಂಟು. ಬಲ್ಬಿನ ಬದಲು ಮೀಟರನ್ನು 10 ಆಂಪಿಯರಿಗೆ ಇಟ್ಟೂ ನೋಡಬಹುದು. ಆದರೆ ಮೀಟರು ಹಾಗೆ ಇರುವಾಗ ಸೆಲ್ಫ್ ಹೊಡೆಯಬೇಡಿ, ಹೆಡ್‌ಲೈಟು ಹಾಕಬೇಡಿ. ಮೀಟರೇ ಹೋಗುತ್ತದೆ.

ಕಳ್ಳ ಸಿಗುವವರೆಗೆ ರಾತ್ರಿ ನೆಗೆಟಿವ್ ಬಿಚ್ಚಿಡಿ. ಅರ್ಧ ರಾತ್ರಿ ಹಾವು ಕಚ್ಚಿದವರನ್ನೋ ಹೆರಿಗೆ ನೋವಿನವರನ್ನೋ ಕರಕೊಂಡು ಹೋಗಬೇಕಾಗಿ ಬಂದಾಗ ಒಂದು ಸ್ಪ್ಯಾನರಿನ ಕೆಲಸ ಮಾತ್ರ ಉಳಿಯುತ್ತದೆ. ಬ್ಯಾಟರಿ ಖಾಲಿಯಾಗಿದ್ದರೆ ಹತ್ತಿರದ ಮನೆ ಅರ್ಧ ಮೈಲಿ ದೂರ ಇರುವ ನಮ್ಮಲ್ಲಿ ತಳ್ಳಲಿಕ್ಕೆ ಯಾರು ಸಿಗುತ್ತಾರೆ? ಇಷ್ಟೆಲ್ಲ ಬರೆಯುತ್ತಿರುವುದಕ್ಕೆ ಹಣದ ಜೊತೆಗೆ ಇದೂ ಕಾರಣ.

ಮಂಕು ಹೆಡ್‌ಲೈಟು, ದಪ್ಪ ಫ್ಯೂಸು

ಹಳೆ ಗಾಡಿಯ ಹೆಡ್‌ಲೈಟು ಮಂಕಾದರೆ ನಮ್ಮಲ್ಲಿ ಸಿಗುವ ಸಲಹೆ ‘100 ವ್ಯಾಟಿನ ಬಲ್ಬು ಹಾಕಿ.’ ಇದು ತೋಟಕ್ಕೆ ನೀರು ಬರುವುದಿಲ್ಲ ಅಂತ ಕಸ ಕಟ್ಟಿದ ಪೈಪಿಗೆ ದೊಡ್ಡ ಪಂಪು ಕೂರಿಸಿದ ಹಾಗೆ. ಬಲ್ಬಿಗೆ 12ರ ಬದಲು ಹತ್ತೂವರೆ ವೋಲ್ಟ್ ಮುಟ್ಟಿದರೆ ಬೆಳಕು ಮೂರನೇ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ. ಬಲ್ಬಿನ ಹೋಲ್ಡರಿನಲ್ಲೇ, ಲೈಟು ಉರಿಯುತ್ತಿರುವಾಗ ಅಳೆಯಿರಿ. ಕಡಿಮೆ ಇದ್ದರೆ ಸ್ವಿಚ್ಚು, ಕಪ್ಲಿಂಗು, ಅರ್ತು ಇವನ್ನು ಸರಿಮಾಡಿ, ಬೇಕಾದರೆ ರಿಲೇ ಹಾಕಿಸಿ. 100 ವ್ಯಾಟಿನ ಎರಡು ಬಲ್ಬು ಎಳೆಯುವುದು 16 ಆಂಪಿಯರಿಗಿಂತ ಹೆಚ್ಚು. 10 ಆಂಪಿಯರಿನ ಆಸುಪಾಸಿಗೆ ಮಾಡಿದ ಹಳೆ ಸ್ವಿಚ್ಚು, ವೈರು ಬೆಂದು ಹೋಗದೆ ಏನಾದೀತು?

ಫ್ಯೂಸಿನ ವಿಷಯದಲ್ಲಂತೂ ನಮ್ಮವರ ಧೈರ್ಯ ಹೇಳತೀರದು. ಸಿಗರೇಟಿನ ಬೇಗಡೆ, ತಾಮ್ರದ ತಂತಿ, ಮುರಿದ ಸೂಜಿ ಎಲ್ಲವೂ ಫ್ಯೂಸೇ. ಫ್ಯೂಸು ಸುಟ್ಟದ್ದು ದೋಷ ಅಲ್ಲ, ದೋಷದ ಸುದ್ದಿ. ಸುದ್ದಿ ತಂದವನ ಬಾಯಿ ಮುಚ್ಚಿದರೆ ಮುಂದಿನ ಸುದ್ದಿ ಬರುವುದು ಹೊಗೆಯ ರೂಪದಲ್ಲಿ. ಹೊಸ ಫ್ಯೂಸು ಹಾಕಿದ ಕೂಡಲೇ ಸುಟ್ಟರೆ ಫ್ಯೂಸಿನ ಜಾಗಕ್ಕೆ 21 ವ್ಯಾಟಿನ ಬಲ್ಬು ಸಿಕ್ಕಿಸಿ. ಅದು ಪೂರ್ತಿ ಉರಿಯುತ್ತದೆ, ಆದರೆ ವೈರು ಸುಡುವುದಿಲ್ಲ. ಆ ಲೈನಿನ ಕಪ್ಲಿಂಗುಗಳನ್ನು ಒಂದೊಂದಾಗಿ ಬಿಚ್ಚುತ್ತಾ, ವೈರನ್ನು ಅಲುಗಾಡಿಸುತ್ತಾ ಹೋಗಿ. ಬಲ್ಬು ಎಲ್ಲಿ ಮಂಕಾಯಿತೋ ಆರಿತೋ ಅಲ್ಲೇ ಹುಡುಕಿ. ಸಾಮಾನ್ಯವಾಗಿ ಸಿಗುವುದು ತಗಡಿನ ಅಂಚಿಗೆ ಉಜ್ಜಿದ ಜಾಗ ಅಥವಾ ಇಲಿ ಕಡಿದ ಜಾಗ. ಶೆಡ್ಡಿನ ಪಕ್ಕದಲ್ಲಿ ಅಡಿಕೆ, ಕೊಬ್ಬರಿ ರಾಶಿ ಹಾಕುವವರು ಬಾನೆಟ್ಟಿನ ಒಳಗೆ ತಿಂಗಳಿಗೊಮ್ಮೆ ಇಣುಕಲೇಬೇಕು.

ಹುಡುಕಿದ್ದಕ್ಕೆ ಕೂಲಿ ಕೊಡಿ

ಇಲ್ಲಿಯವರೆಗೆ ಓದಿದವರಿಗೆ ನಾನು ಮೆಕ್ಯಾನಿಕರ ವಿರೋಧಿ ಅಂತ ಕಾಣಬಹುದು. ಅಲ್ಲ. ದೋಷದ ಒಂದು ಪಾಲು ನಮ್ಮ ಕೊಡುವ ಕ್ರಮದಲ್ಲೇ ಉಂಟು. ಒಬ್ಬ ಆಟೋ ಎಲೆಕ್ಟ್ರಿಶಿಯನ್ ಮೂರು ಗಂಟೆ ಗಾಡಿಯ ಅಡಿಯಲ್ಲಿ ಮಲಗಿ, ಸಡಿಲವಾದ ಒಂದು ವೈರು ಪತ್ತೆಮಾಡಿ ಬಿಗಿಮಾಡಿ ಐನೂರು ರೂಪಾಯಿ ಕೇಳಿದರೆ ನಾವೇನು ಹೇಳುತ್ತೇವೆ? ‘ಒಂದು ವೈರು ಸಿಕ್ಕಿಸಿದ್ದಕ್ಕೆ ಐನೂರಾ?’ ಅದೇ ಮನುಷ್ಯ ಹತ್ತು ನಿಮಿಷದಲ್ಲಿ ನಾಲ್ಕು ಸಾವಿರದ ಬ್ಯಾಟರಿ ಕೂರಿಸಿದರೆ ಮರುಮಾತಿಲ್ಲದೆ ಕೊಡುತ್ತೇವೆ. ಹೀಗಿದ್ದ ಮೇಲೆ ಆತ ಹುಡುಕುವ ವಿದ್ಯೆ ಬೆಳೆಸಿಯಾನೋ, ಭಾಗ ಮಾರುವ ವಿದ್ಯೆಯೋ? ಹುಡುಕುವ ವಿದ್ಯೆ ಗೊತ್ತಿದ್ದ ಹುಡುಗರು ಬೆಂಗಳೂರಿಗೋ ಗಲ್ಫಿಗೋ ಹೋದರು. ಅವರನ್ನು ಉಳಿಸಿಕೊಳ್ಳುವಷ್ಟು ನಾವು ಕೊಡಲಿಲ್ಲ.

ಆದ್ದರಿಂದ ನನ್ನ ಸಲಹೆ: ಗಾಡಿ ಬಿಡುವಾಗಲೇ ಹೇಳಿ – ‘ದೋಷ ಹುಡುಕಿದ್ದಕ್ಕೆ ಇಂತಿಷ್ಟು ಕೊಡುತ್ತೇನೆ, ಭಾಗ ಹಾಕಲಿ ಬಿಡಲಿ. ಆದರೆ ಹಾಕುವ ಮೊದಲು ಅಳತೆ ತೋರಿಸಬೇಕು, ಹಳೆಯದು ನನಗೆ ವಾಪಸು ಬೇಕು.’ ಒಳ್ಳೆಯ ಕೆಲಸಗಾರ ಇದಕ್ಕೆ ಸಿಟ್ಟಾಗುವುದಿಲ್ಲ. ನಾವು ಬರೆದುಕೊಂಡು ಹೋದ ಅಳತೆಯ ಚೀಟಿ ನೋಡಿದರೆ ಅವನ ಅರ್ಧ ಕೆಲಸವೂ ಮುಗಿಯುತ್ತದೆ.

‘ಇಷ್ಟು ರಗಳೆ ಯಾಕೆ, ಹಳೆ ಗಾಡಿ ಕೊಟ್ಟು ಹೊಸತು ತನ್ನಿ’ ಎನ್ನುವವರೂ ಇದ್ದಾರೆ. ಕೊಡಬಹುದು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 600ರಿಂದ 5,000 ರೂಪಾಯಿಗೆ ಏರಿದ್ದೂ ನಿಜ. ಆದರೂ ಎರಡು ಎಕರೆ ತೋಟದವನಿಗೆ ಹೊಸ ಕಾರಿನ ಕಂತು ಪ್ರತಿ ತಿಂಗಳೂ ಬರುತ್ತದೆ, ಅಡಿಕೆಯ ಹಣ ಪ್ರತಿ ತಿಂಗಳೂ ಬರುವುದಿಲ್ಲ. ಎಂಜಿನ್, ಚಾಸಿ, ಬ್ರೇಕು ಗಟ್ಟಿ ಇರುವ ಗಾಡಿಯನ್ನು ಹತ್ತು ರೂಪಾಯಿಯ ತುಕ್ಕಿಗಾಗಿ ಗುಜರಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಅದೇ ವೈರಿನ ಪ್ಲಾಸ್ಟಿಕ್ ಮುಟ್ಟಿದರೆ ಹುಡಿಯಾಗುವಷ್ಟು ಹಳತಾಗಿದ್ದರೆ, ಎಲ್ಲೆಂದರಲ್ಲಿ ಟೇಪು ಸುತ್ತಿದ್ದರೆ, ಹಟ ಹಿಡಿಯಬೇಡಿ. ಪೂರ್ತಿ ವೈರಿಂಗು ಹೊಸತು ಮಾಡಿಸಿ. ಅದರಲ್ಲಿ ಜಿಪುಣತನ ಮಾಡಿದರೆ ಬೆಂಕಿಗೆ ದಾರಿ.

2000ದ ಸುಮಾರಿನ ನಂತರ ಬಂದ ಎಂಪಿಎಫ್‌ಐ ಕಾರುಗಳಿಗೆ ಮಾತ್ರ ಈ ಬಲ್ಬಿನ ವಿದ್ಯೆಯನ್ನು ಹಾಗೆಯೇ ಒಯ್ಯಬೇಡಿ. ಕಂಪ್ಯೂಟರಿನ ವೈರಿಗೆ, ಏರ್‌ಬ್ಯಾಗಿನ ಹಳದಿ ಕಪ್ಲಿಂಗಿಗೆ ಬಲ್ಬು ಹಿಡಿದರೆ ಅಪಾಯ. ಅವಕ್ಕೆ ಬ್ಯಾಟರಿ, ಅರ್ತು, ಚಾರ್ಜು ಈ ಮೂರರ ಅಳತೆ ನಾವು ಮಾಡಬಹುದು, ಮುಂದಿನದ್ದು ಸ್ಕ್ಯಾನರು ಇದ್ದವರಿಗೆ ಬಿಡಬೇಕು.

ಕೆಲಸಕ್ಕೆ ಕೈಹಾಕುವ ಮೊದಲು ಇಷ್ಟು ನೆನಪಿರಲಿ. ಕೈಯ ಉಂಗುರ, ವಾಚು ತೆಗೆದಿಡಿ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಚಾರ್ಜಿನಲ್ಲಿರುವ ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಗಾಳಿಗೆ ಒಂದು ಕಿಡಿ ಸಾಕು. ಬೀಡಿ, ಚಿಮಣಿ ಹತ್ತಿರ ತರಬೇಡಿ. ಪೆಟ್ರೋಲ್ ಗಾಡಿಯ ಪ್ಲಗ್ ವೈರಿನಲ್ಲಿ ಸಾವಿರಗಟ್ಟಲೆ ವೋಲ್ಟ್ ಇರುತ್ತದೆ, ಎಂಜಿನ್ ಓಡುವಾಗ ಮುಟ್ಟಬೇಡಿ.

ಕಸಿ ಕಟ್ಟುವುದಕ್ಕೆ, ಬೋರ್ಡೋ ದ್ರಾವಣ ಮಾಡುವುದಕ್ಕೆ ನಾವು ಶಿಬಿರ ಮಾಡುತ್ತೇವೆ. ಊರಿನ ಸೊಸೈಟಿಯೋ ಯುವಕ ಮಂಡಲವೋ ಮಳೆಗಾಲಕ್ಕೆ ಮೊದಲು ಅರ್ಧ ದಿನ, ಒಬ್ಬ ಅನುಭವಿ ಎಲೆಕ್ಟ್ರಿಶಿಯನ್ನನ್ನು ಸಂಭಾವನೆ ಕೊಟ್ಟು ಕರೆಸಿ, ನಾಲ್ಕು ಹಳೆ ಗಾಡಿ ನಿಲ್ಲಿಸಿ ಈ ವಿದ್ಯೆ ಕಲಿಸಬಾರದೇಕೆ? ಸೊಸೈಟಿಯಲ್ಲಿ ಒಂದು ಹೈಡ್ರೋಮೀಟರು, ಒಂದು ಮಲ್ಟಿಮೀಟರು, ಒಂದು ಜೊತೆ ಜಂಪರ್ ಕೇಬಲು ಇದ್ದರೆ ಹತ್ತಾರು ಮನೆಗೆ ಸಾಕು. ಹೆಂಗಸರೂ ಬರಲಿ. ಗಂಡಸರು ಪೇಟೆಗೆ ಹೋಗಿದ್ದಾಗ ಗಾಡಿ ಸ್ಟಾರ್ಟ್ ಮಾಡಬೇಕಾಗಿ ಬರುವುದು ಅವರಿಗೇ.

ನಿಮ್ಮ ಊರಲ್ಲಿ ಹೀಗೆ ಮಾಡಿದವರಿದ್ದರೆ, ಅಥವಾ ನಿಮ್ಮ ಗಾಡಿಯಲ್ಲಿ ಇದಕ್ಕಿಂತ ವಿಚಿತ್ರವಾದ ಕಳ್ಳ ಸಿಕ್ಕಿದ್ದರೆ ಬರೆದು ತಿಳಿಸಿ. ಯಾವ ಲಕ್ಷಣ ಇತ್ತು, ಎಲ್ಲಿ ಅಳೆದಿರಿ, ಎಷ್ಟು ತೋರಿಸಿತು, ಎಲ್ಲಿ ಸಿಕ್ಕಿತು – ಈ ನಾಲ್ಕು ಸಾಲು ಇದ್ದರೆ ಸಾಕು. ಇನ್ನೊಬ್ಬ ಕೃಷಿಕನ ಒಂದು ಬ್ಯಾಟರಿಯ ಹಣ ಉಳಿದೀತು.